ಐದಕ್ಕ ಎಷ್ಟು

ಸೇಡಂ ರೋಡಿನ ಫಿಟ್‌ನೆಸ್ ಕ್ಲಬ್ಬಿನವರು
ಇಪ್ಪತ್ತೊಂದು ದಿನದ ಮಕ್ಕಳ ಶಿಬಿರ ಮುಗಿಸಿ
ಒಂದು ಗುಲಾಬಿ ಕಾಗದ ಕೊಟ್ಟಾರ.
ಪಾಲಕರೇ, ನಿಮ್ಮ ಅಭಿಪ್ರಾಯ. ಐದಕ್ಕ ಎಷ್ಟು?

ನನಗ ಇದು ಹೊಸದಲ್ಲ.
ನಿನ್ನೆ ತನಕ ಹತ್ತನೇ ಕ್ಲಾಸಿನ ಪೇಪರು ತಿದ್ದೀನಿ,
ಅರ್ಧ ಮಾರ್ಕಿಗೂ ಕಾರಣ ಹುಡುಕಿ.
ಕೆಂಪು ಪೆನ್ನು ಇನ್ನಾ ಚೀಲದಾಗೇ ಅದ.

ಕುಡಿಯೋ ನೀರು: ತಣ್ಣಗಿತ್ತು. ಐದು.
ಏಪ್ರಿಲ್‌ದಾಗ, ಕಲಬುರಗಿಯೊಳಗ, ತಣ್ಣಗಿನ ನೀರಿಗೆ
ಐದಕ್ಕಿಂತ ಕಡಿಮಿ ಕೊಡೋ ಎದಿ ನನಗಿಲ್ಲ.

ವೇಳೆ: ಆರರಿಂದ ಎಂಟು.
ಬಿಸಲು ಏರೂದರೊಳಗ ಮನಿಗೆ. ನಾಲ್ಕು.
ಒಂದು ಕಳದೀನಿ, ಯಾಕಂದ್ರ
ಕೀಲಿ ತರೋ ಹುಡುಗ ದಿನಾ ಮಲಗಿಬಿಡತಿದ್ದ,
ಹದಿನೆಂಟು ಮಕ್ಕಳು ಮೆಟ್ಟಿಲ ಮ್ಯಾಲ
ಸಾಲಾಗಿ ಆಕಳಿಸ್ಕೋತ ಕುಂತಿರತಿದ್ದುವು.

ಸಂಗೀತ: ಎದಿ ನಡಗೂ ಹಂಗ. ಒಂದು.

ತರಬೇತಿ.
ಇಲ್ಲಿ ಪೆನ್ನು ನಿಂತದ.

ನಾಝ್ನೀನ್ ಮೇಡಂ, ಬೀದರ ಕಡಿಯಾಕಿ,
ಜೂಡೋ ಆಡಿದಾಕಿ, ಎಡಗಿವಿ ಥೋಡೆ ಮುದುಡ್ಯದ.
ಮೊದಲ ಐದು ದಿನ ಆಕಿ ಮಕ್ಕಳಿಗೆ
ಬೀಳೂದೊಂದೇ ಕಲಿಸ್ಯಾಳ.
ಹಿಂದಕ ಬೀಳು, ಬಲಕ ಬೀಳು,
ಗದ್ದ ಎದಿಗೆ ಹಚ್ಚು, ಕೈ ಚಾಚಬ್ಯಾಡ,
ಉರುಳು. ಏಳು. ಮತ್ತ ಬೀಳು.
ನಾ ಆಫೀಸಿಗೆ ಹೋಗಿ ಕೇಳೀನಿ:
ಮೂರೂವರೆ ಸಾವಿರ ಕೊಟ್ಟದ್ದು
ಮಗಳು ಬೀಳಲಿ ಅಂತೇನ್ರಿ?
ಅದು ಪುಕ್ಕಟೆ ಬರತದ.
ಮ್ಯಾನೇಜರ ಚಂದ್ರಶಾ ನಕ್ಕು ಚಹಾ ತರಿಸಿದ.
ಚಹಾಕ್ಕ ಕಾಲಂ ಇಲ್ಲ.

ಕನ್ನಡಿಗೂ ಇಲ್ಲ.
ನಾಲ್ಕೂ ಗ್ವಾಡಿಗೆ, ನೆಲದಿಂದ ಛತ್ತಿನ ತನಕ ಕನ್ನಡಿ.
ದೊಡ್ಡವರ ಜಾಗ ಅದು,
ತೋಳು ಉಬ್ಬಿಸಿ ತಮ್ಮನ್ನ ತಾವೇ ನೋಡಿಕೊಳ್ಳೋರದು.
ಹತ್ತನೇ ದಿನ ಸಂಘಮಿತ್ರಾ
ರೊಟ್ಟಿ ಅರ್ಧಕ್ಕ ಬಿಟ್ಟು ಎದ್ದಳು.
ಅಲಮಾರಿ ಮುಂದ ಉಸಿರು ಹಿಡದು
ಹೊಟ್ಟಿ ಒಳಗೆಳಕೊಂಡು ನಿಂತಿದ್ದಳು.
ಎಂಟು ವರ್ಷ ಆಕಿಗೆ.
ಯಾರು ಏನಂದ್ರು ಅಂದೆ.
ಯಾರೂ ಏನೂ ಅಂದಿಲ್ಲ ಅಂದಳು.
ಆ ಕನ್ನಡಿಗೆ ನಾ ಸೊನ್ನಿ ಕೊಟ್ಟೀನಿ,
ಅಂಚಿನಾಗ, ನಾನೇ ಒಂದು ಗೆರಿ ಎಳದು.

ಇಷ್ಟಕ್ಕೇ ಮುಗೀತಿತ್ತು.
ಆದರ ಶನಿವಾರ ಸಂಜಿಗೆ
ನಮ್ಮತ್ತಿ ಜಗದೇವಿ,
ಹ್ವಾದ ವರ್ಷ ಶಹಾಬಾದ ಕಲ್ಲಿನ ಮ್ಯಾಲ ಜಾರಿ
ಮಣಿಕಟ್ಟು ಮುರಕೊಂಡಾಕಿ,
ಅಂದಿನಿಂದ ಗ್ವಾಡಿ ಹಿಡದೇ ನಡಿಯಾಕಿ,
ಪಡಸಾಲ್ಯಾಗ ನಿಂತಾಳ. ಮುಂದ ಎರಡು ಗಾದಿ,
ಅದರ ಮ್ಯಾಲೊಂದು ಕೌದಿ.
ಮೊಮ್ಮಗಳೇ ಮೇಡಂ.
'ಆಯಿ, ಕೈ ಚಾಚಬ್ಯಾಡ, ಅದಕ್ಕೇ ಮುರದದ.
ಗದ್ದ ಒಳಗ. ಸೀರಿ ಮ್ಯಾಲ ಕಟ್ಟು. ಈಗ ಬಿಡು.'
'ಏನ ಬಿಡಲೆವ್ವಾ?'
'ಗ್ವಾಡಿ.'

ನಾ ಅಡಗಿಮನಿ ಬಾಗಲದಾಗ, ಕೈತುಂಬ ಜ್ವಾಳದ ಹಿಟ್ಟು,
ಬ್ಯಾಡ ಅನ್ನಬೇಕಂದೆ, ಬಾಯಿ ಬರಲಿಲ್ಲ.
ಅರವತ್ತೊಂಬತ್ತರ ಮುದುಕಿ ಧಪ್ಪಂತ ಬಿದ್ದು,
ಉರುಳಿ, ತುರುಬು ಬಿಚ್ಚಿ,
ಛತ್ತು ನೋಡ್ಕೋತ ನಕ್ಕಳು.
ನಾ ಈ ಮನಿಗೆ ಬಂದು ಹನ್ನೊಂದು ವರ್ಷ,
ಆ ಸಪ್ಪಳ ಮೊದಲ ಸಲ ಕೇಳೀನಿ.
'ಇನ್ನೊಮ್ಮಿ' ಅಂದಳು.
ಬಾಜೂಕ ಬಿದ್ದಿದ್ದ ಮಗಳ ಹೊಟ್ಟಿ
ನಗಿಗೆ ಏರತಿತ್ತು, ಇಳೀತಿತ್ತು,
ಯಾರೂ ಅದನ್ನ ಒಳಗ ಹಿಡದಿರಲಿಲ್ಲ.

ಈಗ ರಾತ್ರಿ. ಲೈಟು ಹೋಗಿ ಬಂದದ.
ತರಬೇತಿ ಕಾಲಂ ಖಾಲಿನೇ ಅದ.
ಪೇಪರ ತಿದ್ದುವಾಗ ನಮ್ಮ ಹಿರಿಯರೊಬ್ಬರು ಅಂತಿದ್ದರು,
ಉತ್ತರ ಪುಟದ ಹಿಂದ ಬರದಿರತಾರ,
ತಿರುವಿ ನೋಡದೇ ಸೊನ್ನಿ ಹಾಕಬ್ಯಾಡ್ರಿ.
ತಿರುವಿದೆ. ಹಿಂದ ಬರೇ ಗುಲಾಬಿ.

ಕೊನಿಗೆ, ಸಲಹೆ ಏನರೆ? ಅಂತ ಕೇಳ್ಯಾರ.
ಮಕ್ಕಳು ಬಂದಾಗ ಕನ್ನಡಿಗೆ ಪಡದಾ ಹಾಕ್ರಿ, ಅಂತ ಬರದೀನಿ.
ಅದರ ಕೆಳಗ, ಥೋಡೆ ಸಣ್ಣಕ್ಷರದಾಗ:
ಮುದುಕರಿಗೆ ಬ್ಯಾಚ್ ಅದ ಏನ್ರಿ?
ಬೀಳೂದಷ್ಟೇ ಸಾಕು.
ಗಾದಿ ನಾವೇ ತರತೀವಿ.